ಬಾಯಿ ಮುಚ್ಚಿದ ಹಗೇವು

ಹಳೇಕೋಟೆ,
೧೦-೧೨-೨೦೦೦

ಪ್ರೀತಿಯ ತಂಗಿ ದೇವೀರಮ್ಮನಿಗೆ ನಿನ್ನ ಅಕ್ಕ ಸುಬ್ಬಮ್ಮ ಹರಸಿ ಬರೆಯುವುದು.

ನಾವೆಲ್ಲ ಚೆನ್ನಾಗಿದ್ದೇವೆ ಅಂತ ಮೊದಲ ಸಾಲಿನಲ್ಲೇ ಬರೆಯಬೇಕಲ್ಲ, ಬರೆದಾಯಿತು. ಇನ್ನು ಸುದ್ದಿ ಕೇಳು. ನಮ್ಮ ಸಿಂಧುಗೆ ಬಾಗೂರಿನಿಂದ ಸಂಬಂಧ ಬಂದಿದೆ. ಹುಡುಗ ಶಶಿಕುಮಾರ್. ತಂದೆ ಇಲ್ಲ, ತಾಯಿ ಬೆಟ್ಟಮ್ಮ ಅಂತ. ಹೆಂಚಿನ ಮನೆ, ಒಂದಿಷ್ಟು ಹೊಲ. ನಮ್ಮೂರ ರುದ್ರಯ್ಯನ ಹೆಂಡತಿಯ ತವರು ಅದೇ ಊರು, ಹಾಗಾಗಿ ಮಧ್ಯಸ್ತಿಕೆ ಅವನದೇ. "ಉಣ್ಣಾಕೆ ಮಾತ್ರ ಏನೂ ಕಮ್ಮಿ ಇಲ್ಲ ಕಣಕ್ಕ ಆ ಅಟ್ಟೀಲಿ. ವರ್ಸ ಪೂರ್ತಿ ಮುದ್ದೆ. ಅನ್ನ ಹಬ್ಬಕ್ಕಲ್ಲ, ದಿನಾ ಅನ್ನ" ಅಂದ. ಆ ಒಂದು ಮಾತಿಗೇ ನಾನು ಸೋತೆ. ಹುಡುಗ ಕಪ್ಪೋ ಬಿಳುಪೋ ಅಂತ ಕೇಳುವುದನ್ನೂ ಮರೆತೆ.

ನಿನಗೆ ಗೊತ್ತಿಲ್ಲದ್ದೇನಿದೆ. ನಿನ್ನ ಭಾವನಿಗೆ ಲಕ್ವ ಹೊಡೆದು ಎಡಗೈ ಬಿದ್ದುಹೋದ ವರ್ಷದಿಂದ ಹೊಲವನ್ನು ಬೈರಯ್ಯನಿಗೆ ಅರ್ಧ ಪಾಲಿನ ವಾರಕ್ಕೆ ಕೊಟ್ಟಿದ್ದೇವೆ. ಬೆಳೆದದ್ದರಲ್ಲಿ ನಮ್ಮ ಪಾಲಿಗೆ ಬರುವ ರಾಗಿ ಶಿವರಾತ್ರಿ ದಾಟುವುದಿಲ್ಲ. ಆಮೇಲೆ ಬಡವರ ಕಾರ್ಡಿನ ಅಕ್ಕಿಯೇ ಗತಿ. ಆಗಿನಿಂದ ಸಿಂಧು ಕಲಿತ ಮಾತು ಒಂದೇ, "ನಂಗೆ ಸಾಕು ಕಣವ್ವ". ತಟ್ಟೆ ಮುಂದೆ ಕೂರುವ ಮೊದಲೇ ಸಾಕು ಅನ್ನುತ್ತಾಳೆ. ಬಳೆ ತೊಡಿಸಿದರೆ ಮೊಣಕೈಗೆ ಹೋಗಿ ನಿಲ್ಲುತ್ತದೆ. ನನ್ನ ಆಸೆ ಬಂಗಾರದ್ದಲ್ಲ ಕಣೇ. ಅವಳು ಹೊಟ್ಟೆ ತುಂಬ ಉಣ್ಣುವ ಮನೆ ಸೇರಬೇಕು, ಅಷ್ಟೇ.

ಸಂಕ್ರಾಂತಿ ಕಳೆದ ಮೇಲೆ ಅವರು ಮನೆ ನೋಡಲು ಬರುತ್ತಾರೆ. ಇರುವುದನ್ನೇ ತೋರಿಸಿದರೆ ಹೊಸಿಲಿಂದಲೇ ವಾಪಸ್ ಹೋದಾರು. ಬೈರಯ್ಯ ಆ ದಿನ ತನ್ನ ಹಸುಗಳನ್ನು ತಂದು ನಮ್ಮ ಕೊಟ್ಟಿಗೆಯಲ್ಲಿ ಕಟ್ಟುತ್ತೇನೆ ಅಂದಿದ್ದಾನೆ. ಮೂಟೆಗಳಿಗೆ ಹೊಟ್ಟು ತುಂಬಿ ಮೇಲೆ ಒಂದೊಂದು ಮೊರ ರಾಗಿ ಸುರಿಯುತ್ತೇನೆ. ಅಂಗಳದ ಹಗೇವು ನೆನಪಿದೆಯಾ? ನಮ್ಮ ಮಾವನ ಕಾಲದಲ್ಲಿ ಆ ಗುಂಡಿಗೆ ರಾಗಿ ತುಂಬಿ ಚಪ್ಪಡಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಈಗ ಅದರಲ್ಲಿ ಒಂದು ಕಾಳಿಲ್ಲ. ಆದರೂ ಸಿಂಧು ಕೈಲಿ ಚಪ್ಪಡಿ ಸುತ್ತ ಹೊಸ ಮಣ್ಣು ಮೆತ್ತಿಸಿ, ಸಗಣಿ ಸಾರಿಸಿ, ರಂಗೋಲಿ ಹಾಕಿಸುತ್ತೇನೆ. ಬಾಯಿ ಮುಚ್ಚಿದ ಹಗೇವನ್ನು ತೆಗೆದು ತೋರಿಸಿ ಅಂತ ಯಾವ ನೆಂಟನೂ ಕೇಳುವುದಿಲ್ಲ, ಕೇಳಿದರೆ ಅವನ ಮರ್ಯಾದೆಯೇ ಹೋಗುತ್ತದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂದಿದ್ದಾರೆ ದೊಡ್ಡವರು. ನಾನಿನ್ನೂ ಮೂರು ನಾಲ್ಕರಲ್ಲೇ ಇದ್ದೇನೆ. ನಗು ಬಂದರೆ ನಕ್ಕುಬಿಡು.

ಹೊಸ ಕಾರ್ಡು ಕೊಡುವುದಕ್ಕೆ ಮನೆಮನೆ ಸರ್ವೆ ಮಾಡುತ್ತಾರಂತೆ. ಶಾಲೆಯ ಯೋಗಾನರಸಿಂಹ ಮೇಷ್ಟ್ರು ಬಂದು ಬರೆದುಕೊಳ್ಳುತ್ತಾರಂತೆ. ಬಂದಾಗ ನೋಡೋಣ.

ನಿನ್ನ ಅಕ್ಕ,
ಸುಬ್ಬಮ್ಮ


ಹಾಸನ,
೨೮-೧೨-೨೦೦೦

ಅಕ್ಕನಿಗೂ ಭಾವನಿಗೂ ದೇವೀರಮ್ಮನ ನಮಸ್ಕಾರ.

ಕಾಗದ ಓದಿ ಮೊದಲು ನಕ್ಕೆ. ಹೊಟ್ಟಿನ ಮೂಟೆ ತೋರಿಸುವುದಕ್ಕೆ ನನ್ನ ತಕರಾರಿಲ್ಲ. ಹೆಣ್ಣು ಹೆತ್ತವರು ಅಷ್ಟಾದರೂ ಮಾಡಬೇಕು. ಆದರೆ ಸರ್ವೆ ಮೇಷ್ಟ್ರ ಮುಂದೆ ಬಿಂಕ ಮಾಡಬೇಡ. ಭಾವನ ಕೈ ತೋರಿಸು, ಖಾಲಿ ಮಡಕೆ ತೋರಿಸು, ಬೇಕಾದರೆ ಅತ್ತುಬಿಡು. ಜಮೀನಿನ ಪಹಣಿ ಇನ್ನೂ ಅಣ್ಣತಮ್ಮಂದಿರ ಹೆಸರಿನಲ್ಲಿ ಜಂಟಿಯಾಗೇ ಇದೆ, ಅದರಲ್ಲಿ ನಮ್ಮ ಪಾಲು ಇಷ್ಟೇ ಅಂತ ಬಿಡಿಸಿ ಹೇಳು. ಈ ಸಲ ಕಾರ್ಡು ತಪ್ಪಿದರೆ ಮತ್ತೆ ಯಾವಾಗಲೋ ಏನೋ.

ನನ್ನ ಗಂಡ ತೀರಿಹೋದ ವರ್ಷ ನಾನೂ ಮನೆತನ ಮರ್ಯಾದೆ ಅಂತ ಬಾಗಿಲು ಹಾಕಿಕೊಂಡು ಕೂತಿದ್ದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಕೊನೆಗೆ ಹಾಸನಕ್ಕೆ ಬಂದು ಹಾಸ್ಟೆಲಿನಲ್ಲಿ ಸೌಟು ಹಿಡಿದೆ. ಅಡುಗೆಯವಳು ಅಂತ ನಮ್ಮ ಕಡೆಯವರು ಮೂಗು ಮುರಿದರು, ಮುರಿದುಕೊಳ್ಳಲಿ. ಇಲ್ಲಿ ಹುಡುಗಿಯರು ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದರೆ ನನಗೆ ಸಿಂಧು ನೆನಪಾಗುತ್ತಾಳೆ. ಸುಮ್ಮಸುಮ್ಮನೆ ಆ ಮಕ್ಕಳ ಮೇಲೆ ರೇಗುತ್ತೇನೆ. ಅವಕ್ಕೆ ನಾನ್ಯಾಕೆ ಕೂಗಾಡುತ್ತೇನೆ ಅಂತಲೇ ಗೊತ್ತಿಲ್ಲ, ಪಾಪ.

ಇಂತಿ,
ದೇವೀರಮ್ಮ


ಹಳೇಕೋಟೆ,
೧೫-೨-೨೦೦೧

ದೇವೀ,

ಸಂಬಂಧ ಕುದುರಿತು! ವೈಶಾಖದಲ್ಲಿ ಮದುವೆ. ಇದನ್ನು ಮೊದಲು ಓದಿ ಸಂತೋಷಪಡು, ಯಾಕೆಂದರೆ ಮಿಕ್ಕಿದ್ದನ್ನು ಓದಿದ ಮೇಲೆ ನೀನು ನನಗೆ ಬೈಯುತ್ತೀಯ.

ಬೀಗರು ಬಂದ ದಿನವೇ, ಅವರು ಊಟಕ್ಕೆ ಕೂತ ಹೊತ್ತಿಗೇ, ಯೋಗಾನರಸಿಂಹ ಮೇಷ್ಟ್ರು ಸರ್ವೆಗೆ ಬಂದು ಬಾಗಿಲಲ್ಲಿ ನಿಂತರು. ಒಳಗೆ ನಡುಮನೆಯಲ್ಲಿ ಬೆಟ್ಟಮ್ಮ, ಹುಡುಗ, ರುದ್ರಯ್ಯ ಎಲೆ ಮುಂದೆ. ಸಿಂಧು ನೀರು ತರಲು ಹೋಗಿದ್ದಳು. ನಾನು ಸೌಟು ಹಿಡಿದೇ ಓಡಿಬಂದು "ಒತ್ತು ಮುಳುಗೋವಾಗ ಬನ್ನಿ ಸಾ, ನೆಂಟ್ರು ಬಂದವ್ರೆ" ಅಂದೆ.

"ಇವತ್ತು ಈ ಬೀದಿ ಮುಗಿಸಬೇಕಮ್ಮ, ನಾಳೆಯಿಂದ ಬೇರೆ ಹಳ್ಳಿ. ಎರಡು ನಿಮಿಷದ ಕೆಲಸ" ಅಂದರು. ಮೇಷ್ಟ್ರ ಗಂಟಲು ನಿನಗೆ ಗೊತ್ತು, ತರಗತಿಯಲ್ಲಿ ಕೂಗಿ ಕೂಗಿ ಬೀದಿಗೆಲ್ಲ ಕೇಳುವ ಗಂಟಲು. "ಜಮೀನು ಎಷ್ಟು?" ಅಂದರು. ಒಳಗೆ ಊಟದ ಸದ್ದು ನಿಂತುಹೋಯಿತು. ಬೆಟ್ಟಮ್ಮ ಕಿವಿ ಕೊಟ್ಟಿದ್ದಾಳೆ ಅಂತ ನನ್ನ ಬೆನ್ನಿಗೇ ಗೊತ್ತಾಯಿತು. ಪಹಣಿಯಲ್ಲಿ ಇರುವಷ್ಟೂ ನಮ್ಮದೇ ಅಂದೆ. ಹಸು? ಕೊಟ್ಟಿಗೆ ಕಡೆ ಕೈ ತೋರಿಸಿದೆ. ಮನೇಲಿ ದವಸ ಎಷ್ಟು ತಿಂಗಳಿಗೆ ಬರುತ್ತೆ ಅಂದರು. "ವರ್ಸಕ್ಕೆ ಸಾಕಾಗಿ ಮಿಗ್ತದೆ ಸಾ, ಅಗೇವು ತುಂಬ್ಕೊಂಡದೆ" ಅಂದೆ.

ಮೇಷ್ಟ್ರು ಬರೆಯುವುದು ನಿಲ್ಲಿಸಿ ನನ್ನ ಮುಖ ನೋಡಿದರು. ದನಿ ತಗ್ಗಿಸಿ, "ಯೋಚನೆ ಮಾಡಿ ಹೇಳಿ ತಾಯಿ. ಇದು ಕಾರ್ಡಿನ ವಿಚಾರ" ಅಂದರು. ಒಳ್ಳೆಯ ಮನುಷ್ಯ ಕಣೇ. ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಒಳಗಿನಿಂದ ರುದ್ರಯ್ಯ "ಯಾರಕ್ಕಾ ಅದು?" ಅಂತ ಕೂಗಿದ. "ನಮಗೇನು ಕಮ್ಮಿ ಅದೆ ಸಾ, ಬರ್ಕೊಳಿ" ಅಂದುಬಿಟ್ಟೆ. ನಿನ್ನ ಭಾವ ಗೋಡೆಗೆ ಒರಗಿ ಕೂತವರು ಎಡಗೈಯನ್ನು ಟವೆಲಿನಡಿ ಸರಿಸಿಕೊಂಡರು. ಮೇಷ್ಟ್ರು ಹೋದ ಮೇಲೆ ಬೆಟ್ಟಮ್ಮ ಇನ್ನೊಂದು ಸೌಟು ಸಾರು ಹಾಕಿಸಿಕೊಂಡು ನನ್ನನ್ನು ನೋಡಿ ನಕ್ಕಳು. ಸಂಬಂಧ ಆಗಲೇ ಕುದುರಿದ್ದು.

ಆಮೇಲೆ ನಾವು ಬಾಗೂರಿಗೆ ಹೋಗಿ ಅವರ ಮನೆ ನೋಡಿಬಂದೆವು. ಎಂಥ ಮನೆ ಅಂತೀಯ! ಸಾಲಾಗಿ ಮೂಟೆ. ಅಂಗಳದಲ್ಲಿ ಹಗೇವು, ಚಪ್ಪಡಿ ಸುತ್ತ ಅಚ್ಚುಕಟ್ಟಾಗಿ ಸಾರಿಸಿ ರಂಗೋಲಿ ಬಿಟ್ಟಿದ್ದಾರೆ. ಬೆಟ್ಟಮ್ಮ ಅದರ ಪಕ್ಕ ನಿಂತು, "ಓದ್ವರ್ಸದ ರಾಗಿ ಅಂಗೇ ಅದೆ, ತಗ್ಯಾಕೇ ಪುರುಸೊತ್ತಿಲ್ಲ" ಅಂದಳು. ನನಗೆ ಕಣ್ಣಲ್ಲಿ ನೀರು ಬಂತು. ಒಬ್ಬಟ್ಟು ಬಡಿಸಿದರು. ನಿನ್ನ ಭಾವ ನಾಚಿಕೆ ಬಿಟ್ಟು ಮತ್ತೆ ಕೇಳಿ ಹಾಕಿಸಿಕೊಂಡರು. ವಾಪಸ್ ಬರುವಾಗ ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಕೂತು, "ನಮ್ಮ ಕೂಸು ಇನ್ನ ಸಾಕು ಅನ್ನಾಕಿಲ್ಲ ಬುಡು" ಅಂದರು.

ಕಾರ್ಡು ಹೋದರೆ ಹೋಗಲಿ. ಇಬ್ಬರ ಹೊಟ್ಟೆ ಏನು ಮಹಾ.

ನಿನ್ನ ಅಕ್ಕ,
ಸುಬ್ಬಮ್ಮ


ಹಾಸನ,
೨-೩-೨೦೦೧

ಅಕ್ಕ,

ಏನು ಮಾಡಿದೆ ನೀನು? ಬೀಗರು ಹೋದ ಮೇಲೆ ಮೇಷ್ಟ್ರ ಹಿಂದೆ ಓಡಿ ನಿಜ ಹೇಳಬಾರದಿತ್ತಾ? ಅವರು ಮುಂದಿನ ಬೀದಿಯಲ್ಲೇ ಇದ್ದಿರುತ್ತಾರೆ. ಇಬ್ಬರ ಹೊಟ್ಟೆ ಏನು ಮಹಾ ಅಂತ ಬರೆದಿದ್ದೀಯಲ್ಲ, ಆ ಇಬ್ಬರಲ್ಲಿ ಕೊನೆಗೆ ಕೂತು ಉಣ್ಣುವವಳು ಯಾರು ಅಂತ ನನಗೆ ಗೊತ್ತಿಲ್ಲವಾ?

ಮದುವೆಗೆ ಬರುತ್ತೇನೆ. ಮಾತಾಡಿಸುತ್ತೇನೋ ಇಲ್ಲವೋ ಹೇಳಲಾರೆ.

ದೇವೀರಮ್ಮ


ಹಳೇಕೋಟೆ,
೨೦-೧೦-೨೦೦೧

ದೇವೀಗೆ ಅಕ್ಕನ ಆಶೀರ್ವಾದ.

ಮದುವೆಯಲ್ಲಿ ಧಾರೆ ಮುಗಿದ ತಕ್ಷಣ ಬಸ್ಸು ಹತ್ತಿದವಳು ಇಷ್ಟು ದಿನ ಒಂದು ಕಾಗದವೂ ಹಾಕಲಿಲ್ಲ. ನನಗೂ ಹಟ ಇತ್ತು. ಈಗ ಬರೆಯಲೇಬೇಕಾದ ಸುದ್ದಿ ಇದೆ. ಸಿಂಧು ಬಸುರಿ. ಮೂರು ತಿಂಗಳಂತೆ. ಯುಗಾದಿ ಆಸುಪಾಸು ಹೆರಿಗೆ. ಗೌರಿ ಹಬ್ಬಕ್ಕೆ ಬಂದಾಗ ನೋಡಿದೆ, ಮೈ ಏನೂ ತುಂಬಿಲ್ಲ. ವಾಕರಿಕೆ ಕಣವ್ವ, ಏನೂ ಸೇರಲ್ಲ ಅಂದಳು. ನನಗೂ ಅವಳ ಹೊತ್ತಿನಲ್ಲಿ ಹಾಗೇ ಆಗಿತ್ತು. ಅಲ್ಲಿ ಅಕ್ಕಿ ರಾಗಿಗೇನು, ತಿನ್ನುವ ಹೊತ್ತಿಗೆ ತಿಂದಾಳು.

ನಮ್ಮದು ಕೇಳಬೇಡ. ಕೇಳಿದರೂ ಹೇಳುತ್ತೇನೆ, ನಿನ್ನ ಹತ್ತಿರ ಮುಚ್ಚಿಟ್ಟು ಏನು ಸುಖ. ಹೊಸ ಕಾರ್ಡು ಬಂತು, ಉಳ್ಳವರ ಕಾರ್ಡು. ಅಂಗಡಿಯಲ್ಲಿ ಅದಕ್ಕೆ ಸೀಮೆಎಣ್ಣೆ ಬಿಟ್ಟರೆ ಬೇರೇನೂ ಇಲ್ಲ. ಹೊಳೆನರಸೀಪುರದ ಆಫೀಸಿಗೆ ಹೋಗಿ ಅರ್ಜಿ ಕೊಡಬಹುದಂತೆ. ಕೊಟ್ಟರೆ ಮತ್ತೆ ಊರಿಗೆ ಬಂದು ವಿಚಾರಿಸುತ್ತಾರೆ, ರುದ್ರಯ್ಯನ ಕಿವಿಗೆ ಬಿದ್ದರೆ ಅದು ಬಾಗೂರು ಮುಟ್ಟಲು ಎಷ್ಟು ಹೊತ್ತು? ಬಸುರಿ ಹೆಂಗಸು ಅತ್ತೆ ಬಾಯಲ್ಲಿ ಸುಳ್ಳರ ಮಗಳು ಅನ್ನಿಸಿಕೊಳ್ಳುವುದು ಬೇಡ. ಹೆರಿಗೆ ಆಗಲಿ, ಆಮೇಲೆ ಕೊಡುತ್ತೇನೆ.

ನಮ್ಮೂರಲ್ಲಿ ಕೂಲಿಗೆ ಹೋಗುವಂತಿಲ್ಲ. ಅರಕಲಗೂಡು ಕಡೆ ಆಲೂಗಡ್ಡೆ ಕೀಳಲು ಹೋಗಿದ್ದೆ, ಗುರುತು ಸಿಗದ ಹಾಗೆ ಸೆರಗು ಹೊದ್ದುಕೊಂಡು. ಗುದ್ದಲಿ ತಗುಲಿ ಕತ್ತರಿಸಿಹೋದ ಗಡ್ಡೆಗಳನ್ನು ಕೊಡುತ್ತಿದ್ದರು. ಅದನ್ನೇ ಬೇಯಿಸಿ, ಅದನ್ನೇ ಹುರಿದು, ಅದನ್ನೇ ಸಾರು ಮಾಡಿ, ನಿನ್ನ ಭಾವ ಆಲೂಗಡ್ಡೆ ಕಂಡರೆ ಈಗ ಮುಖ ತಿರುಗಿಸುತ್ತಾರೆ. ಈಗ ಬದುವಿನ ಮೇಲೆ ಅಣ್ಣೆಸೊಪ್ಪು ಸಿಗುತ್ತದೆ. ಹುರುಳಿ ನೀರಿಗೆ ಸೊಪ್ಪು ಹಾಕಿದರೆ ಒಂದು ಹೊತ್ತು ಕಳೆಯುತ್ತದೆ.

ನೀನು ಏನೂ ಕಳಿಸಬೇಡ. ವಿಧವೆ ತಂಗಿಯ ದುಡಿಮೆ ತಿಂದಳು ಅನ್ನಿಸಿಕೊಳ್ಳಲಾರೆ. ನಾವು ಉಂಡರೂ ಬಿಟ್ಟರೂ ಸಿಂಧು ಉಣ್ಣುತ್ತಿದ್ದಾಳೆ. ಅದು ನೆನಪಾದರೆ ನನಗೆ ನಿದ್ದೆ ಬರುತ್ತದೆ.

ಸುಬ್ಬಮ್ಮ


ಹಾಸನ,
೧೮-೧-೨೦೦೨

ಅಕ್ಕ,

ಇದನ್ನು ಹೇಗೆ ಬರೆಯಬೇಕು ಅಂತ ತಿಳಿಯದೆ ಎರಡು ಕಾಗದ ಹರಿದೆ. ಕೂತುಕೊಂಡು ಓದು. ಭಾವನಿಗೆ ಓದಿ ಹೇಳಬೇಡ.

ಸಂಕ್ರಾಂತಿಗೆ ಹಾಸ್ಟೆಲಿಗೆ ರಜೆ ಕೊಟ್ಟಿದ್ದರು. ಸಿಂಧುವನ್ನು ನೋಡಿಕೊಂಡು ಬರೋಣ ಅಂತ ಹೇಳದೆ ಕೇಳದೆ ಬಾಗೂರಿಗೆ ಹೋದೆ. ಹೇಳಿ ಹೋಗಿದ್ದರೆ ನಾನೂ ನಿನ್ನ ಹಾಗೆ ಒಬ್ಬಟ್ಟು ತಿಂದು ಬರುತ್ತಿದ್ದೆ. ಬೆಟ್ಟಮ್ಮ ಬಾಯಿ ತುಂಬ ಮಾತಾಡಿಸಿದಳು. ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ, ಆಕೆ ಬೇಲಿ ಆಚೆಯವರ ಹತ್ತಿರ ಮೊರ ಒಡ್ಡಿ ರಾಗಿ ಹಿಟ್ಟು ಕೇಳುತ್ತಿದ್ದಳು. "ನೆಂಟ್ರು ಬಂದ್ಬುಟ್ಟವ್ರೆ ಕಣಕ್ಕ, ಕೂಲಿ ಬಂದ್ಮೇಲೆ ಕೊಡ್ತೀನಿ" ಅನ್ನುವುದು ಕೇಳಿಸಿತು. ನನಗೊಬ್ಬಳಿಗೆ ಮುದ್ದೆ ಬಡಿಸಿದರು. ಸಿಂಧು ಬಾಗಿಲ ಸಂದಿಯಲ್ಲಿ ನಿಂತು ನನ್ನ ತಟ್ಟೆಯನ್ನೇ ನೋಡುತ್ತಿದ್ದಳು. ಆರು ತಿಂಗಳ ಬಸುರಿ ಅಂದರೆ ಯಾರೂ ನಂಬುವುದಿಲ್ಲ. ಕಡ್ಡಿಯಂಥ ಕೈ, ಬಿಳಿಚಿದ ಕಣ್ಣು.

ಬಸ್ಸಿಗೆ ಬಿಡಲು ಬಂದಾಗ ಕೇಳಿದೆ. "ಅಗೇವಲ್ಲಿ ಏನೂ ಇಲ್ಲ ಚಿಕ್ಕವ್ವ. ಮೂಟೇಲೂ ಇಲ್ಲ. ನಾನು ಬಂದ ತಿಂಗಳೇ ಗೊತ್ತಾಯ್ತು" ಅಂದಳು. ನಕ್ಕಳು ಕೂಡ. "ನಾನೂ ನಮ್ಮ ಅಗೇವಿಗೆ ಸಗಣಿ ಸಾರ್ಸಿ ಬಂದವಳೇ ಅಲ್ವಾ, ಯಾರ್ನ ಅನ್ನಾದು?" ಗಂಡ ಒಳ್ಳೆಯವನೇ, ಹೊಡೆತ ಬಡಿತ ಇಲ್ಲ, ಆದರೆ ದುಡಿಮೆ ಸಿಕ್ಕ ದಿನ ಉಂಟು, ಸಿಗದ ದಿನ ಇಲ್ಲ. ಅವರ ಮನೆಗೂ ಬಡವರ ಕಾರ್ಡಿಲ್ಲ. ಸರ್ವೆಯ ಹೊತ್ತಿನಲ್ಲಿ ಅವರೂ ಹೆಣ್ಣು ಹುಡುಕುತ್ತಿದ್ದರಲ್ಲ.

"ಅವ್ವಂಗೆ ಏಳ್ಬ್ಯಾಡ. ನಾನು ಓದ್ಮೇಲೆ ಕಾರ್ಡಿನಕ್ಕಿ ಅವರಿಬ್ರಿಗೆ ಸಾಕಾಯ್ತದೆ. ಬಾಣಂತನಕ್ಕೆ ಅಲ್ಲಿಗೇ ಓಗ್ತೀನಲ್ಲ, ಆಗ ಚೆನ್ನಾಗಿ ಉಣ್ತೀನಿ" ಅಂದಳು. ಅವಳು ಅದೊಂದನ್ನೇ ಕಾಯುತ್ತಿದ್ದಾಳೆ. ನಿಮ್ಮ ಕಾರ್ಡು ಹೋದದ್ದನ್ನು ಹೇಳದೆಯೇ ಬಸ್ಸು ಹತ್ತಿದೆ.

ದೇವೀ


ಹಳೇಕೋಟೆ,
೨೭-೧-೨೦೦೨

ದೇವೀ,

ನಿನ್ನ ಕಾಗದ ಬಂದು ಮೂರು ದಿನವಾಯಿತು. ನಿನ್ನ ಭಾವನಿಗೆ ಹೇಳಿಲ್ಲ.

ಬರಿಗುಂಡಿಗೆ ಮಣ್ಣು ಮೆತ್ತಿ ತೋರಿಸಿದವಳು ನಾನು. ಹಾಗಿದ್ದೂ ಅವರ ಗುಂಡಿಯ ಮೇಲಿನ ರಂಗೋಲಿ ನೋಡಿ ಕಣ್ಣೀರು ಹಾಕಿದೆ. ನನ್ನ ಮೂಟೆಯಲ್ಲಿ ಹೊಟ್ಟಿದ್ದರೆ ಅವರದರಲ್ಲಿ ರಾಗಿ ಇರುತ್ತದೆ ಅಂತ ನನಗೆ ಯಾರು ಹೇಳಿದ್ದರು? ನನಗೆ ರಾಗಿ ಬೇಕಾಗಿತ್ತು, ಅದಕ್ಕೇ ಕಂಡಿತು. ಬೆಟ್ಟಮ್ಮನಿಗೂ ಹಾಗೇ ಕಂಡಿರಬೇಕು. ಆಕೆಯನ್ನು ಬೈಯಲು ಹೋದರೆ ಬೈಗುಳ ನನ್ನ ಬಾಯಲ್ಲೇ ಉಳಿಯುತ್ತದೆ. ಮೇಷ್ಟ್ರು ಎರಡನೇ ಸಲ ಕೇಳಿದರಲ್ಲ, ಆ ಗಳಿಗೆ ನೆನೆದು ನೆನೆದು ತಲೆ ಚಚ್ಚಿಕೊಳ್ಳುವಂತಾಗುತ್ತದೆ.

ಈಗ ನೀನು ಒಂದು ಕೆಲಸ ಮಾಡಬೇಕು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ನಿಜ. ಆದರೆ ಇಲ್ಲಿ ಕರೆತಂದರೆ ಬಾಣಂತಿಗೆ ಏನು ಹಾಕಲಿ? ಸೊಪ್ಪಿನ ನೀರಾ? ನೀನು ಅವಳನ್ನು ಹಾಸನಕ್ಕೆ ಕರೆಸಿಕೋ. ದೊಡ್ಡಾಸ್ಪತ್ರೆ ಹತ್ತಿರ ಅಂತ ನೆಪ ಹೇಳು. ನನ್ನ ಹಟ ಬಿಟ್ಟು ಕೇಳುತ್ತಿದ್ದೇನೆ, ನಿನ್ನ ದುಡಿಮೆಯಲ್ಲಿ ಅವಳಿಗೆ ಉಣ್ಣಲು ಹಾಕು.

ನಮ್ಮ ಕಾರ್ಡು ಹೋದದ್ದು ಮಾತ್ರ ಅವಳಿಗೆ ತಿಳಿಯಬಾರದು. ತವರಲ್ಲಿ ಅನ್ನ ಇದೆ ಅನ್ನುವ ಒಂದೇ ಧೈರ್ಯದ ಮೇಲೆ ನಿಂತಿದ್ದಾಳೆ. ಯಾಕೆ ಕರೆಯಲಿಲ್ಲ ಅಂತ ಕೇಳಿದರೆ, ಅವ್ವನಿಗೆ ಬಾಣಂತನ ಮಾಡಲು ಮನಸ್ಸಿಲ್ಲವಂತೆ ಅನ್ನು. ತವರು ಬಾಗಿಲು ಹಾಕಿತು ಅಂತ ಶಾಪ ಹಾಕಲಿ. ಶಾಪ ಹಾಕುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ, ಅಷ್ಟು ಉಂಡು ಹಾಕಲಿ. ನನ್ನ ಮೇಲೆ ಆಣೆ.

ಸುಬ್ಬಮ್ಮ


ಹಾಸನ,
೧೪-೪-೨೦೦೨

ಅಕ್ಕ,

ಹೆಣ್ಣು ಮಗು. ಮೊನ್ನೆ ಶುಕ್ರವಾರ ಬೆಳಿಗ್ಗೆ. ದಿನವೇನೋ ತುಂಬಿತ್ತು.

ಶಿವರಾತ್ರಿ ಮುಗಿದ ಮೇಲೆ ಶಶಿಕುಮಾರನೇ ತಂದು ಬಿಟ್ಟಿದ್ದ. ಅವತ್ತಿನಿಂದ ಹಾಲು, ಮೊಟ್ಟೆ, ಸೊಪ್ಪು, ನನ್ನ ಕೈಲಾದದ್ದೆಲ್ಲ ಕೊಟ್ಟೆ. ಡಾಕ್ಟರಮ್ಮ ಒಳ್ಳೆಯವರು. "ಮೈಯಲ್ಲಿ ರಕ್ತವೇ ಇಲ್ಲವಲ್ಲಮ್ಮ, ಇಷ್ಟು ದಿನ ಏನು ತಿನ್ನುತ್ತಿದ್ದಳು?" ಅಂದರು. ಕೊನೆಯ ಒಂದು ತಿಂಗಳಲ್ಲಿ ಕೊಟ್ಟದ್ದು ಎಲ್ಲಿಗೆ ಸಾಲುತ್ತದೆ? ಮಗು ತೀರಾ ಸಣ್ಣದು. ನನ್ನ ಎರಡು ಅಂಗೈಯಲ್ಲಿ ಹಿಡಿಸುತ್ತದೆ. ಅಳುವುದು ಪಕ್ಕದ ಹಾಸಿಗೆಗೂ ಕೇಳುವುದಿಲ್ಲ.

ಸಿಂಧು ನಿನ್ನ ಹೆಸರು ಎತ್ತುವುದಿಲ್ಲ. ಪಕ್ಕದವಳ ತಾಯಿ ಬಾಣಂತಿಗೆ ಎಣ್ಣೆ ಒತ್ತುವಾಗ ಗೋಡೆ ಕಡೆ ತಿರುಗಿ ಮಲಗುತ್ತಾಳೆ. ನಿನ್ನ ಆಣೆ ನನ್ನ ಗಂಟಲಲ್ಲಿ ಮುಳ್ಳಾಗಿದೆ. ಬಂದುಬಿಡು ಅಕ್ಕ.

ದೇವೀ


ಹಾಸನ,
೨೫-೪-೨೦೦೨

ಅಕ್ಕ,

ಮಗು ಉಳಿಯಲಿಲ್ಲ. ನಿನ್ನೆ ಸಂಜೆ ಹೋಯಿತು. ಶಶಿಕುಮಾರ್ ಬಂದಿದ್ದಾನೆ. ಕಾಗದ ತಲುಪಿದ ಕೂಡಲೇ ಹೊರಟು ಬಾ. ಭಾವನನ್ನು ಬೈರಯ್ಯನ ಮನೆಯಲ್ಲಿ ಬಿಟ್ಟು ಬಾ.

ದೇವೀ


ಹಾಸನ,
೩೦-೬-೨೦೦೨

ಅವ್ವನಿಗೆ ಸಿಂಧು ಮಾಡುವ ನಮಸ್ಕಾರ.

ನಾನು ನಿನಗೆ ಬರೆಯುತ್ತಿರುವ ಮೊದಲನೇ ಕಾಗದ ಇದು. ನೀನು ಬಂದಿದ್ದಾಗ ನಾನು ಮುಖ ಕೊಟ್ಟು ಮಾತಾಡಲಿಲ್ಲ. ಮಗು ಸತ್ತ ಮೇಲೆ ನೋಡಲು ಬರುತ್ತಾಳೆ, ಬದುಕಿದ್ದಾಗ ಬರಲಿಲ್ಲ ಅಂತ ಮನಸ್ಸಿನಲ್ಲಿ ಬೈಯುತ್ತಿದ್ದೆ. ಮಗುವಿಗೆ ಹಾಲು ಕುಡಿಸುವಾಗಲೂ ಬೈದಿದ್ದೇನೆ. ಬಾಗಿಲು ಹಾಕಿದ ತವರು ಹಾಳಾಗಲಿ ಅಂದಿದ್ದೇನೆ.

ಅವತ್ತು ಚಿಕ್ಕವ್ವ ನಿನಗೆ ಊಟಕ್ಕೆ ಇಟ್ಟಳು. ನೀನು ಬಸ್ಸಿಗೆ ಹೊತ್ತಾಗುತ್ತೆ, ಬೇಡ ಅಂದೆ. ಅವಳು ಬಿಡಲಿಲ್ಲ. ನೀನು ಗೋಡೆ ಕಡೆ ತಿರುಗಿ ಕೂತು ಉಂಡೆ. ನಾನು ಮಲಗಿದ ಕಡೆಯಿಂದ ನಿನ್ನ ಬೆನ್ನು ಮಾತ್ರ ಕಾಣುತ್ತಿತ್ತು. ರವಿಕೆ ಸಡಿಲವಾಗಿ ಬೆನ್ನುಮೂಳೆ ಎಣಿಸುವ ಹಾಗಿತ್ತು. ಬೇಗ ಬೇಗ ನುಂಗಿದೆ, ಯಾರೋ ಕಿತ್ತುಕೊಳ್ಳುತ್ತಾರೆ ಅನ್ನುವ ಹಾಗೆ. ಇನ್ನೊಂದು ಹಾಕಲಾ ಅಂದರೆ ಸಾಕು ಅಂದೆ, ಆದರೆ ತಟ್ಟೆ ಬಿಟ್ಟು ಏಳಲಿಲ್ಲ. ಹಾಗೆ ಉಣ್ಣುವುದು ಹೇಗೆ ಅಂತ ನನಗೆ ಗೊತ್ತು ಅವ್ವ. ಬಾಗೂರಿನಲ್ಲಿ ನಾನೂ ಹಾಗೇ ಉಣ್ಣುತ್ತಿದ್ದೆ.

ನೀನು ಹೋದ ಮೇಲೆ ಚಿಕ್ಕವ್ವನನ್ನು ಹಿಡಿದು ಕೇಳಿದೆ. ಅವಳು ಅಳುತ್ತಾ ಎಲ್ಲ ಹೇಳಿದಳು. ಆಣೆ ಮುರಿದಳು ಅಂತ ಅವಳಿಗೆ ಬೈಯಬೇಡ. ಇಷ್ಟು ದಿನ ಬರೆಯಲು ನನಗೆ ಮುಖ ಇರಲಿಲ್ಲ.

ನನಗೀಗ ಹಾಸ್ಟೆಲಿನಲ್ಲಿ ತರಕಾರಿ ಹೆಚ್ಚುವ, ಪಾತ್ರೆ ಬೆಳಗುವ ಕೆಲಸ ಸಿಕ್ಕಿದೆ. ಊಟ ಅಲ್ಲೇ. ದಿನಾ ಹೊಟ್ಟೆ ತುಂಬ ಉಣ್ಣುತ್ತೇನೆ. ಕೆನ್ನೆ ತುಂಬಿಕೊಂಡಿದೆ ಅಂತ ಚಿಕ್ಕವ್ವ ಹೇಳುತ್ತಾಳೆ. ಮೊದಲ ತುತ್ತು ಬಾಯಿಗಿಟ್ಟಾಗಲೆಲ್ಲ ಇದು ಚಳಿಗಾಲದಲ್ಲಿ ಸಿಕ್ಕಿದ್ದರೆ ಮಗು ಇರುತ್ತಿತ್ತು ಅನ್ನಿಸುತ್ತದೆ. ಬಾಗೂರಿನಿಂದ ಕರೆಯಲು ಇನ್ನೂ ಯಾರೂ ಬಂದಿಲ್ಲ. ಅವರಿಗೂ ಒಂದು ತಟ್ಟೆ ಕಡಿಮೆಯಾಯಿತಲ್ಲ, ತಪ್ಪು ಅನ್ನಲಾರೆ.

ಬಸ್ಸಿನ ಕಂಡಕ್ಟರ್ ರಂಗಸ್ವಾಮಿಯವರ ಕೈಲಿ ಅಕ್ಕಿ ಕಳಿಸಿದ್ದೇನೆ. ನನ್ನ ಸಂಬಳದ್ದು. ನೆಂಟರಿಗೆ ಅಂತ ಎತ್ತಿಡಬೇಡ. ಅಪ್ಪನಿಗೆ ಬಡಿಸಿ ಮಿಕ್ಕರೆ ನೋಡೋಣ ಅನ್ನಬೇಡ. ಮೊದಲು ನೀನು ಉಣ್ಣು.

ಇಂತಿ ನಿನ್ನ ಮಗಳು,
ಸಿಂಧು


ಹಳೇಕೋಟೆ,
೨೧-೭-೨೦೦೨

ನನ್ನ ಸಿಂಧುಗೆ,

ಅಕ್ಕಿ ಬಂತು. ನೀನು ಬೇಡ ಅಂದದ್ದನ್ನೇ ಮಾಡಿದೆ, ನೆಂಟರಿಗೆ ಬೇಯಿಸಿದೆ. ಕೋಪ ಮಾಡಿಕೊಳ್ಳದೆ ಪೂರ್ತಿ ಓದು.

ಹೋದ ಭಾನುವಾರ ನಿನ್ನ ಅತ್ತೆ, ನಿನ್ನ ಗಂಡ ಇಬ್ಬರೂ ಬಂದಿದ್ದರು. ಶ್ರಾವಣದಲ್ಲಿ ನಿನ್ನನ್ನು ಕರೆದುಕೊಂಡು ಹೋಗುತ್ತೇವೆ ಅನ್ನುವ ಮಾತಾಡಲು. ಬೆಟ್ಟಮ್ಮ ಸೊರಗಿ ಅರ್ಧ ಆಗಿದ್ದಾಳೆ. ನಾಲ್ಕು ತಟ್ಟೆ ಹಾಕಿದೆ. ಜೀವಮಾನದಲ್ಲಿ ಮೊದಲ ಸಲ ಬೀಗರ ಜೊತೆಯಲ್ಲೇ ಕೂತು ಉಂಡೆ. ನೀನು ಹೇಳಿದ್ದರಲ್ಲಿ ಅಷ್ಟನ್ನು ಮಾತ್ರ ನಡೆಸಿದೆ. ಆಕೆ ಉಣ್ಣುವುದನ್ನು ಪಕ್ಕದಲ್ಲೇ ನೋಡಿದೆ. ತಡೆಯಲಾಗಲಿಲ್ಲ.

"ನಿಮ್ಮಟ್ಟೀಲೂ ಇಲ್ಲ, ನಮ್ಮಟ್ಟೀಲೂ ಇಲ್ಲ ಕಣವ್ವ. ಇದೆ ಇದೆ ಅಂತ ಇಬ್ರೂ ಸೇರಿ ಕೂಸ ತಿಂದ್ಕೊಂಡೋ" ಅಂದೆ.

ಬೆಟ್ಟಮ್ಮನ ಕೈ ತಟ್ಟೆಯಲ್ಲೇ ನಿಂತಿತು. ನಿಮ್ಮಪ್ಪ ತಲೆ ಬಗ್ಗಿಸಿದರು. ಆಮೇಲೆ ಆಕೆಯ ಕಣ್ಣಿಂದ ನೀರು ಸುರಿಯಲು ಶುರುವಾಯಿತು, ಆದರೂ ಅನ್ನ ಬಿಡಲಿಲ್ಲ. ಅಳುತ್ತಲೇ ಕಲಸಿ ಕಲಸಿ ಉಂಡಳು. ನಾನೂ ಹಾಗೇ ಉಂಡೆ. ಕೈ ತೊಳೆಯುವಾಗ "ಎಂಗ್ ಏಳ್ಬೇಕಿತ್ತವ್ವಾ ನಾವು, ಯಾರ್ ಮುಂದೆ ಏಳ್ಬೇಕಿತ್ತು?" ಅಂದಳು. ನಾನು ಚೊಂಬು ಎತ್ತಿ ಆಕೆಯ ಕೈಗೆ ನೀರು ಹಾಕಿದೆ.

ನಾಳೆ ಹೊಳೆನರಸೀಪುರಕ್ಕೆ ಹೋಗಿ ಅರ್ಜಿ ಕೊಡುತ್ತೇನೆ. ಕಾರ್ಡು ಸಿಗುತ್ತದೋ ಇಲ್ಲವೋ, ಸಿಕ್ಕರೂ ಯಾವಾಗಲೋ. ಅದನ್ನು ನಂಬಿ ನಿನ್ನನ್ನು ಮತ್ತೆ ಹಸಿವಿಗೆ ಕಳಿಸಲಾರೆ. ಅವಳನ್ನು ಕರೆಯಬೇಡಿ ಅಂತ ಬೆಟ್ಟಮ್ಮನಿಗೆ ಕೈ ಮುಗಿದು ಹೇಳಿದೆ. ಶಶಿಕುಮಾರ್ ಸುಮ್ಮನೆ ಕೂತಿದ್ದವನು, "ನಾನೇ ಆಸನಕ್ಕೆ ಓಗಿ ಕೆಲ್ಸ ನೋಡ್ತೀನಿ ಅತ್ತೆ" ಅಂದ. ಬಂದರೆ ಸೇರಿಸಿಕೋ, ಅವನ ಮೇಲೆ ನನಗೆ ಸಿಟ್ಟಿಲ್ಲ.

ನನ್ನನ್ನು ನೋಡಬೇಕು ಅನ್ನಿಸಿದರೆ ಕಾಗದ ಬರೆ. ಹಬ್ಬ ಅಂತ, ಹರಿದಿನ ಅಂತ, ಅವ್ವನಿಗೆ ಹುಷಾರಿಲ್ಲ ಅಂತ ಯಾರಾದರೂ ಹೇಳಿದರೂ ಓಡಿ ಬರಬೇಡ. ಬಂದರೆ ಈ ಮನೆ ನೋಡಿ ಇಲ್ಲೇ ಉಳಿಯುತ್ತೀಯ, ನನಗೆ ಗೊತ್ತು. ಹೆತ್ತವಳು ಮಗಳಿಗೆ ಬರೆಯುವ ಮಾತಲ್ಲ ಇದು. ಆದರೂ ಬರೆಯುತ್ತಿದ್ದೇನೆ. ಈ ಮನೆಗೂ ಬರಬೇಡ, ಆ ಮನೆಗೂ ಹೋಗಬೇಡ ಮಗಳೇ. ಅಲ್ಲೇ ಇದ್ದು ಉಣ್ಣು.

ನಿನ್ನ ಅವ್ವ,
ಸುಬ್ಬಮ್ಮ